ಕೂಲಿಯೂ ಬಾಡಿಗೆಯೂ

ಕೂಲಿಯ ಮಾತು ಬಂದಾಗಲೆಲ್ಲ ನಮ್ಮ ಕಣ್ಣಿಗೆ ಬೀಳುವವರು ಇಬ್ಬರೇ. ಒಬ್ಬ ದುಡಿಸಿಕೊಳ್ಳುವವನು, ಇನ್ನೊಬ್ಬ ದುಡಿಯುವವನು. ಮೊದಲನೆಯವನು ಇಷ್ಟು ಕೊಡಲಾರೆನೆನ್ನುತ್ತಾನೆ. ಎರಡನೆಯವನು ಇಷ್ಟು ಸಾಲದೆನ್ನುತ್ತಾನೆ. ನಡುವೆ ಸರ್ಕಾರ ತಕ್ಕಡಿ ಹಿಡಿದು ನಿಲ್ಲುತ್ತದೆ. ವಾದ ಪ್ರತಿವಾದಗಳು ಪತ್ರಿಕೆಯಲ್ಲಿ ಅಚ್ಚಾಗುತ್ತವೆ. ನಾವು ಬೆಳಗಿನ ಕಾಫಿಯೊಡನೆ ಅವನ್ನು ಓದಿ, ನಮ್ಮ ನಮ್ಮ ಸ್ವಭಾವಕ್ಕೆ ತಕ್ಕಂತೆ ಒಂದು ಕಡೆ ವಾಲುತ್ತೇವೆ. ಆದರೆ ಈ ವ್ಯಾಜ್ಯಕ್ಕೆ ಮೂರನೆಯ ಕಕ್ಷಿದಾರನೊಬ್ಬನಿದ್ದಾನೆ. ಅವನಿಗೆ ಯಾರೂ ಸಮನ್ಸು ಕಳಿಸುವುದಿಲ್ಲ. ಅವನಾಗಿ ಬಂದು ಕಟಕಟೆ ಹತ್ತುವುದೂ ಇಲ್ಲ. ತೀರ್ಪು ಯಾರ ಕಡೆಗೆ ಆದರೂ ಅದರಲ್ಲಿ ಅವನದೊಂದು ಪಾಲು ಇದ್ದೇ ಇರುತ್ತದೆ. ಅವನೇ ಮನೆಯ ಮಾಲೀಕ. ಇಲ್ಲಿಯ ಮಾತೆಲ್ಲ ಅವನನ್ನು ಕುರಿತದ್ದು.

ಕರ್ನಾಟಕ ಸರ್ಕಾರವು 2025ರ ಏಪ್ರಿಲ್ ತಿಂಗಳಲ್ಲಿ ಕನಿಷ್ಠ ವೇತನದ ಪರಿಷ್ಕರಣೆಗೆಂದು ಕರಡು ಅಧಿಸೂಚನೆಯೊಂದನ್ನು ಹೊರಡಿಸಿತು. ವಿಶೇಷ ಕುಶಲತೆ ಬೇಡದ ಕೆಲಸಗಾರನಿಗೆ ತಿಂಗಳಿಗೆ 19,319 ರೂಪಾಯಿ ಎಂದು ಅದರಲ್ಲಿತ್ತು. ನಾಲ್ಕು ವಲಯಗಳಿದ್ದುದನ್ನು ಮೂರಕ್ಕೆ ಇಳಿಸುವ ಸೂಚನೆಯೂ ಇತ್ತು. ಕಾರ್ಮಿಕ ಸಂಘಗಳು ಹರ್ಷಪಟ್ಟವು, ಉದ್ಯಮಿಗಳ ಸಂಘಗಳು ಆಕ್ಷೇಪಿಸಿದವು. ಅದೇ ವರ್ಷ ನವೆಂಬರ್ 21ರಂದು, 1948ರಿಂದ ನಡೆದು ಬಂದಿದ್ದ ಕನಿಷ್ಠ ವೇತನ ಕಾಯಿದೆಯ ಜಾಗಕ್ಕೆ 2019ರ ವೇತನ ಸಂಹಿತೆ ಬಂದು ಕೂತಿತು. ಕಾಯಿದೆ ಹೊಸದಾದರೂ ಪ್ರಶ್ನೆ ಹಳೆಯದೇ: ಒಬ್ಬ ಮನುಷ್ಯನ ಒಂದು ತಿಂಗಳ ದುಡಿಮೆಗೆ ಇದಕ್ಕಿಂತ ಕಡಿಮೆ ಕೊಡಕೂಡದು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು?

ಆ ಕರಡು ಪ್ರಕಟವಾದ ದಿನಗಳಲ್ಲಿ ಚಿತ್ರದುರ್ಗದ ಹೊಟೇಲು ಮಾಲೀಕರೊಬ್ಬರು ನನಗೆ ಹೇಳಿದ ಮಾತು ಇದು. "ಮೇಷ್ಟ್ರೇ, ನಾನು ಕೊಡೋದಿಲ್ಲ ಅನ್ನಲ್ಲ. ಆದ್ರೆ ನಾನು ಐನೂರು ಜಾಸ್ತಿ ಕೊಟ್ರೆ ಆ ಹುಡುಗನ ಕೈಯಲ್ಲಿ ಅದು ನಿಲ್ಲುತ್ತಾ? ಅವನ ಮನೆ ಓನರ್ರು ಮುಂದಿನ ಕರಾರಿಗೆ ಐನೂರು ಏರಿಸ್ತಾರೆ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಬೇಯಿಸಿ ಅವರಿಗ್ಯಾಕೆ ಕೊಡ್ಲಿ?"

ಈ ಮಾತಿನಲ್ಲಿ ಸ್ವಾರ್ಥವಿಲ್ಲದಿಲ್ಲ, ಸತ್ಯವೂ ಇಲ್ಲದಿಲ್ಲ. ಎರಡೂ ಒಂದೇ ಬಾಯಿಂದ ಬಂದಾಗ ನಾವು ಸ್ವಾರ್ಥವನ್ನು ಗುರುತಿಸಿ ಸತ್ಯವನ್ನು ಬಿಟ್ಟುಬಿಡುವುದುಂಟು. ಬಿಡದೆ ಸ್ವಲ್ಪ ಪರೀಕ್ಷಿಸೋಣ.

ಮೊದಲು ಲೆಕ್ಕ. ಕನಿಷ್ಠ ವೇತನವನ್ನು ಯಾರೋ ಅಂದಾಜಿನ ಮೇಲೆ ಹೇಳುವುದಲ್ಲ, ಅದಕ್ಕೊಂದು ಸೂತ್ರವಿದೆ. 1957ರಲ್ಲಿ ದೆಹಲಿಯಲ್ಲಿ ಸೇರಿದ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಹಾಕಿಕೊಟ್ಟಿತು. ದುಡಿಯುವವನು, ಅವನ ಹೆಂಡತಿ, ಇಬ್ಬರು ಮಕ್ಕಳು: ಇದು ಸಂಸಾರ. ಗಂಡಸು ಒಂದು, ಹೆಂಗಸು 0.8, ಮಕ್ಕಳು ತಲಾ 0.6, ಒಟ್ಟು ಮೂರು ಹೊಟ್ಟೆ. (ಅಡಿಗೆ ಮಾಡಿ, ನೀರು ಹೊತ್ತು, ಕೊನೆಗೆ ತಳ ಹತ್ತಿದ್ದನ್ನು ಉಣ್ಣುವವಳ ಹೊಟ್ಟೆಯನ್ನು 0.8 ಎಂದು ಅಳೆದವರು ಎಂದೂ ಅಡಿಗೆಮನೆಯೊಳಗೆ ಇಣುಕಿದವರಲ್ಲವೆಂದು ಕಾಣುತ್ತದೆ. ಅದಿರಲಿ.) ಒಂದೊಂದು ಹೊಟ್ಟೆಗೂ ದಿನಕ್ಕೆ 2,700 ಕ್ಯಾಲೊರಿ ಆಹಾರ, ಇದು ಕೂನೂರಿನ ಪೌಷ್ಟಿಕ ಸಂಶೋಧನಾಲಯದ ನಿರ್ದೇಶಕರಾಗಿದ್ದ ಡಾ. ಏಕ್ರಾಯ್ಡ್ ಅವರ ಎಣಿಕೆ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸೌದೆ, ದೀಪ, ಇತರ ಖರ್ಚಿಗೆ ಒಟ್ಟು ಕೂಲಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲು. 1991ರಲ್ಲಿ ಸುಪ್ರೀಂ ಕೋರ್ಟು ರ‍್ಯಾಪ್ಟಕೋಸ್ ಬ್ರೆಟ್ ಕಂಪೆನಿಯ ಮೊಕದ್ದಮೆಯಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿತು: ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪು, ಇವಕ್ಕೆಂದು ನೂರಕ್ಕೆ ಇಪ್ಪತ್ತೈದು. ಒಬ್ಬ ನ್ಯಾಯಾಧೀಶ ಕೂಲಿಯವನ ಹಬ್ಬವನ್ನೂ ಮುಪ್ಪನ್ನೂ ನೆನೆದನೆಂಬುದು ಸಣ್ಣ ವಿಷಯವಲ್ಲ.

ಮನೆ? ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಅತಿ ಚಿಕ್ಕ ಮನೆಗೆ ಎಷ್ಟು ಬಾಡಿಗೆಯೋ ಅಷ್ಟು ಎಂದು 1957ರವರು ಹೇಳಿದ್ದರು. ಅಂಥ ಮನೆಗಳನ್ನು ಸರ್ಕಾರ ಕಟ್ಟಿಸುತ್ತ ಹೋಗುತ್ತದೆಂಬ ನಂಬಿಕೆಯ ಕಾಲ ಅದು. ನಂಬಿಕೆ ಕರಗಿತು, ಕೋಷ್ಟಕ ಉಳಿಯಿತು. ವೇತನ ಸಂಹಿತೆಯ ಮೇರೆಗೆ ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ ಕರಡು ನಿಯಮದಲ್ಲಿ ಬಾಡಿಗೆಗೆಂದು ಇಟ್ಟಿದ್ದು ಆಹಾರ ಮತ್ತು ಬಟ್ಟೆಯ ಖರ್ಚಿನ ಹತ್ತನೆಯ ಒಂದು ಪಾಲು.

ಕನ್ನಡದ ಮೇಷ್ಟರಿಗೆ ಲೆಕ್ಕ ಬರುವುದಿಲ್ಲವೆಂಬ ಅಪವಾದವಿದೆ. ಆದರೂ ಇಷ್ಟನ್ನು ಮಾಡಬಲ್ಲೆ. ಆಹಾರಕ್ಕೂ ಬಟ್ಟೆಗೂ ಸೇರಿ ಹತ್ತು ಸಾವಿರವೆಂದು ಹಿಡಿಯಿರಿ. ಬಾಡಿಗೆ ಅದರ ಹತ್ತರಲ್ಲೊಂದು, ಒಂದು ಸಾವಿರ. ಎರಡೂ ಕೂಡಿ ಹನ್ನೊಂದು ಸಾವಿರ. ಉಳಿದ ಇಪ್ಪತ್ತು ಮತ್ತು ಇಪ್ಪತ್ತೈದು ಪಾಲುಗಳನ್ನು ಬಿಟ್ಟರೆ ಈ ಹನ್ನೊಂದು ಸಾವಿರ ನೂರರಲ್ಲಿ ಐವತ್ತೈದಾಯಿತು. ಆದ್ದರಿಂದ ಒಟ್ಟು ಕೂಲಿ ಇಪ್ಪತ್ತು ಸಾವಿರ. ಅದರಲ್ಲಿ ಬಾಡಿಗೆಯ ಸಾವಿರ ಎಷ್ಟನೆಯ ಪಾಲು? ಇಪ್ಪತ್ತರಲ್ಲೊಂದು. ಮೊತ್ತವನ್ನು ಬೇಕಾದಂತೆ ಬದಲಿಸಿ ನೋಡಿ, ಈ ಪಾಲು ಬದಲಾಗುವುದಿಲ್ಲ. ಕರಡಿನಲ್ಲಿ ಸೂಚಿಸಿದ ಆ 19,319 ರೂಪಾಯಿಗೆ ಈ ಸೂತ್ರವನ್ನು ಹಚ್ಚಿದರೆ ಮನೆಗೆ ಸಿಕ್ಕುವುದು 966. ಆ ದುಡ್ಡಿಗೆ ಹೊಳಲ್ಕೆರೆಯಲ್ಲಿ ಶೀಟು ಹೊದಿಸಿದ ಒಂಟಿ ಕೋಣೆಯಾದರೂ ಸಿಕ್ಕೀತೆ ಎಂದು ಹುಡುಕಬೇಕು. ಬೆಂಗಳೂರಿನ ಮಾತು ಬೇಡ.

ಸರ್ಕಾರಕ್ಕೆ ಇದು ತಿಳಿಯದೆ? ಅದರದೇ ಇನ್ನೊಂದು ಕಡತದಲ್ಲಿ ಬೇರೆ ಸಂಖ್ಯೆಯಿದೆ. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು 2016ನ್ನು ಮೂಲವರ್ಷವಾಗಿಟ್ಟುಕೊಂಡು ಹೊಸದಾಗಿ ರಚಿಸಿದಾಗ, ಕಾರ್ಮಿಕ ಸಂಸಾರದ ಖರ್ಚಿನಲ್ಲಿ ವಸತಿಗೆ ನೂರಕ್ಕೆ 16.87 ತೂಕವೆಂದು ನಿಗದಿ ಮಾಡಿದರು. ಅಂದರೆ ಬೆಲೆ ಏರಿಕೆಯನ್ನು ಅಳೆಯುವಾಗ ಮನೆ ಆರರಲ್ಲೊಂದು ಪಾಲು. ಕೂಲಿ ಕಟ್ಟುವಾಗ ಇಪ್ಪತ್ತರಲ್ಲೊಂದು ಪಾಲು. ಒಂದೇ ಮನೆಯನ್ನು ಅಳೆಯುವುದಕ್ಕೆ ಎರಡು ಮೊಳಕೋಲು.

ಇನ್ನೊಂದು ಮೊಳಕೋಲೂ ಇದೆ, ಅದು ನಮ್ಮದು. ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ರಾಜ್ಯ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 27,000. ಅದರ ಮೇಲೆ ಮನೆ ಬಾಡಿಗೆ ಭತ್ಯೆ, ತೀರ ಸಣ್ಣ ಊರಿನಲ್ಲಿದ್ದರೂ ನೂರಕ್ಕೆ ಏಳೂವರೆ. ಅಂದರೆ ಹೊಸದುರ್ಗದ ಕಛೇರಿಯಲ್ಲಿ ಆಗತಾನೆ ಸೇರಿದ ಜವಾನನಿಗೆ ಬಾಡಿಗೆಯ ಬಾಬ್ತು 2,025 ರೂಪಾಯಿ. ಅವನ ಕಛೇರಿಯ ಎದುರಿನ ಅಂಗಡಿಯಲ್ಲಿ ಮೂಟೆ ಇಳಿಸುವವನೂ ಅದೇ ಬೀದಿಯಲ್ಲಿ ಬಾಡಿಗೆಗಿರಬಹುದು. ಒಂದೇ ಗೋಡೆಯ ಆಚೆ ಈಚೆ ಇರುವ ಇಬ್ಬರಿಗೆ ಎರಡು ಸೂತ್ರ. ಸರ್ಕಾರಿ ನೌಕರರಿಗೆ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾಳೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಸಿಕ್ಕಲಾರದು. ನಮ್ಮ ಸಂಬಳ ಏರಿದಾಗ 'ಕೊಡಬೇಡಿ, ಬಾಡಿಗೆ ಏರಿ ಅದು ವ್ಯರ್ಥವಾಗುತ್ತದೆ' ಎಂದು ಯಾವ ಹೊಟೇಲು ಮಾಲೀಕರೂ ವಾದಿಸಿದ್ದನ್ನು ನಾನು ಕೇಳಲಿಲ್ಲ. ಆ ವಾದ ಹೊರಬರುವುದು ಕೂಲಿಯವನ ಸರದಿ ಬಂದಾಗ ಮಾತ್ರ. ವಾದ ನಿಜವೇ ಆಗಿದ್ದರೆ ಎಲ್ಲರಿಗೂ ನಿಜವಾಗಬೇಕು.

ವಲಯಗಳ ತರ್ಕವನ್ನೂ ಇಲ್ಲೇ ನೋಡಿಬಿಡಬಹುದು. ಬೆಂಗಳೂರಿಗಿಂತ ಹೊಸದುರ್ಗದಲ್ಲಿ ಕೂಲಿ ಕಡಿಮೆ ಇರಬಹುದೆನ್ನುವುದಕ್ಕೆ ಕಾರಣವೇನೆಂದು ಕೇಳಿದರೆ, ಸಣ್ಣ ಊರಿನಲ್ಲಿ ಜೀವನ ಅಗ್ಗ ಎನ್ನುತ್ತಾರೆ. ಏನು ಅಗ್ಗ? ಗ್ಯಾಸ್ ಸಿಲಿಂಡರು ಅಗ್ಗವಲ್ಲ, ಮಾತ್ರೆ ಅಗ್ಗವಲ್ಲ, ಸೋಪು, ಎಣ್ಣೆ, ಮೊಬೈಲಿನ ಕರೆನ್ಸಿ ಯಾವುದೂ ಅಲ್ಲ. ಸೊಪ್ಪು ಹಾಲು ಒಂದಿಷ್ಟು ಅಗ್ಗವೆನ್ನಿ. ಮುಖ್ಯವಾಗಿ ಅಗ್ಗವಾದದ್ದು ಮನೆಯೊಂದೇ. ಆ ಮನೆಗೆ ಸೂತ್ರ ಕೊಟ್ಟದ್ದು ಇಪ್ಪತ್ತರಲ್ಲೊಂದು ಪಾಲು. ಹೊಸದುರ್ಗದಲ್ಲಿ ಪುಕ್ಕಟೆ ಮನೆ ಸಿಕ್ಕುತ್ತದೆಂದು ಭಾವಿಸಿದರೂ ಬಾಡಿಗೆಯ ಹೆಸರಿನಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕಡಿಯುವುದಕ್ಕೆ ಆಧಾರವಿಲ್ಲ. ಕೊಡುವಾಗ ಮನೆ ಸಾಸಿವೆಯಷ್ಟು, ಕಡಿಯುವಾಗ ಮನೆ ಕುಂಬಳಕಾಯಷ್ಟು.

ಆದರೆ ಸಣ್ಣ ಊರಿನ ಮನೆಯೂ ಅಗ್ಗವಾಗಿ ಉಳಿದಿಲ್ಲ. ಏಳು ಸುತ್ತಿನ ಕೋಟೆಯೆಂದು ಹೆಸರಾದ ಚಿತ್ರದುರ್ಗಕ್ಕೆ ಈಗ ಎಂಟನೆಯ ಸುತ್ತೊಂದು ಬಂದಿದೆ. ಅದನ್ನು ಕಟ್ಟಿದವರು ನಾಯಕರಲ್ಲ, ಲೇಔಟಿನವರು. ಮೆಕ್ಕೆಜೋಳದ ಹೊಲದಲ್ಲಿ ಬಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ಬೆಂಗಳೂರು ಪುಣೆ ಹೆದ್ದಾರಿ ಅಗಲವಾಯಿತು. ತುಮಕೂರು ದಾವಣಗೆರೆ ನೇರ ರೈಲುಮಾರ್ಗದ ಕೆಲಸ ನಡೆಯಿತು. 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಒಂದೊಂದೂ ಒಳ್ಳೆಯದೇ. ಒಂದೊಂದರ ಸುದ್ದಿ ಬಂದಾಗಲೂ ನನ್ನ ಸಹೋದ್ಯೋಗಿಗಳ ಮಾತು ಮಾತ್ರ ಸೈಟಿನ ಬೆಲೆಗೆ ಹೋಗಿ ನಿಂತದ್ದನ್ನು ಕಂಡಿದ್ದೇನೆ. ಹಿರಿಯೂರಿನವರ ಕಥೆ ಇನ್ನೂ ಸ್ವಾರಸ್ಯವಾದದ್ದು. ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದು, 1933ರಲ್ಲಿ ಒಮ್ಮೆ ತುಂಬಿ ಹರಿದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷದ ಮೇಲೆ ನೀರು ಬಂದಾಗ ಜನ ಬಾಗಿನ ಅರ್ಪಿಸಿದರು. ನೆಲದ ಬೆಲೆಯೂ ತನ್ನ ಬಾಗಿನ ಪಡೆಯಿತು.

ಹೊಳಲ್ಕೆರೆ ಹೊಸದುರ್ಗಗಳಲ್ಲಿ ನೆಲದ ಬೆಲೆ ಏರುವ ದಾರಿ ಬೇರೆ. ಇವು ಅಡಿಕೆ ತೆಂಗಿನ ಸೀಮೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ತೋಟದವರ ಕೈಯಲ್ಲಿ ದುಡ್ಡು ಉಳಿಯುತ್ತದೆ. ಆ ದುಡ್ಡು ಎಲ್ಲಿ ಹೋಗಬೇಕು? ಬ್ಯಾಂಕಿನ ಬಡ್ಡಿ ಅವರ ಕಣ್ಣಿಗೆ ಕಿಲುಬು ಕಾಸು. ಷೇರು ಎಂದರೆ ಭಯ. ಪೇಟೆಯಲ್ಲೊಂದು ಸೈಟು, ಅದರ ಮೇಲೊಂದು ಮನೆ, ಮೇಲೆ ಎರಡು ಬಾಡಿಗೆ ಮನೆ: ಇದು ಎಲ್ಲರಿಗೂ ಅರ್ಥವಾಗುವ ಭದ್ರತೆ. ಹೀಗಾಗಿ ಅಡಿಕೆಯ ಧಾರಣೆ ಏರಿದ ಹಿಂದೆಯೇ ಸೈಟಿನ ಧಾರಣೆ ಏರುವುದನ್ನು ನಾನು ಹಲವು ಸಲ ನೋಡಿದ್ದೇನೆ. ಸುಗ್ಗಿಯಲ್ಲಿ ಸಾಲಾಗಿ ಕೂತು, ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿದು, ಕೈಬೆರಳು ಕಪ್ಪಾಗಿ ಮನೆಗೆ ಹೋಗುವ ಹೆಂಗಸರಿದ್ದಾರಲ್ಲ, ಅವರಲ್ಲಿ ಪೇಟೆಯ ಅಂಚಿನ ಬಾಡಿಗೆ ಮನೆಗಳಲ್ಲಿ ಇರುವವರೂ ಉಂಟು. ತಾವೇ ಸುಲಿದ ಅಡಿಕೆ ಸೈಟಾಗಿ, ಸೈಟು ಮನೆಯಾಗಿ, ಮನೆ ಬಾಡಿಗೆಯಾಗಿ ಸುತ್ತಿ ಬಂದು ಮತ್ತೆ ಅವರ ಬಾಗಿಲನ್ನೇ ತಟ್ಟುತ್ತದೆ. ಇಲ್ಲಿ ಕೇಡಿಗನೆಂದು ಬೊಟ್ಟು ಮಾಡಬಹುದಾದ ಮನುಷ್ಯ ಒಬ್ಬನೂ ಇಲ್ಲ. ತೋಟದವನು ಕದ್ದಿಲ್ಲ, ವರ್ತಕನು ಮೋಸ ಮಾಡಿಲ್ಲ, ಮನೆಯವನು ಊರಿನ ದರವನ್ನೇ ಕೇಳಿದ್ದಾನೆ. ಆದರೂ ಅನ್ಯಾಯ ನಡೆದಿದೆ ಎಂದು ಮನಸ್ಸು ಹೇಳುತ್ತದೆ. ಯಾರೂ ಮಾಡದ ಅನ್ಯಾಯವನ್ನು ಏನೆಂದು ಕರೆಯಬೇಕೆಂಬುದು ನೀತಿಶಾಸ್ತ್ರದಲ್ಲಿ ಸಣ್ಣ ತೊಡಕಲ್ಲ.

ಈ ತೊಡಕಿಗೆ ನನಗೆ ದಾರಿ ತೋರಿದ್ದು ಅರ್ಥಶಾಸ್ತ್ರದ ಗ್ರಂಥವಲ್ಲ, ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ ಪ್ರಶ್ನೆ. ಅಂದು ನಾನು ನುಲಿಯ ಚಂದಯ್ಯನನ್ನು ಕುರಿತು ಪಾಠ ಹೇಳುತ್ತಿದ್ದೆ. ಹೊಳಲ್ಕೆರೆ ತಾಲ್ಲೂಕಿನ ನುಲೇನೂರು ಅವನು ಐಕ್ಯನಾದ ಸ್ಥಳವೆಂದು ಹೇಳುತ್ತಾರೆ; ಹಾಗಾಗಿ ನಮ್ಮ ಹುಡುಗರಿಗೆ ಅವನು ಪುಸ್ತಕದ ಶರಣನಲ್ಲ, ಪಕ್ಕದ ಊರಿನವನು. ಕಥೆ ವಾಚಕರಿಗೆ ತಿಳಿದದ್ದೇ. ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸುತ್ತಿದ್ದ. ಹುಲ್ಲು ಕೊಯ್ಯುವಾಗ ಅವನ ಲಿಂಗ ನೀರಿಗೆ ಬಿತ್ತು. ಕಾಯಕ ಬಿಟ್ಟು ಅವನು ಅದನ್ನು ಹುಡುಕಲಿಲ್ಲ. ಲಿಂಗಯ್ಯನೇ ಹಿಂದೆ ಬಂದು ಬೇಡಿಕೊಂಡಾಗ, ಹಾಗಾದರೆ ಹಗ್ಗ ಮಾರಿಕೊಂಡು ಬಾ ಎಂದು ಅವನಿಗೂ ಕೆಲಸ ಹಚ್ಚಿದ. ಲಿಂಗಯ್ಯ ಅದನ್ನು ಬಸವಣ್ಣನವರಲ್ಲಿಗೆ ಒಯ್ದು ಸಾವಿರ ಹೊನ್ನಿಗೆ ಮಾರಿ ತಂದ. ಚಂದಯ್ಯನಿಗೆ ಸಂತೋಷವಾಗಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಯಷ್ಟೇ ತನ್ನದು, ಮಿಕ್ಕದ್ದು ತನಗೆ ಬೇಡವೆಂದು ಹಿಂದಿರುಗಿಸಲು ಹೇಳಿದ.

ಈ ಕಥೆಯನ್ನು ಹೇಳಿ ಮುಗಿಸಿ, ದುಡಿಮೆಗೆ ತಕ್ಕ ಪ್ರತಿಫಲಕ್ಕಿಂತ ಹೆಚ್ಚು ಬಯಸಬಾರದೆಂಬ ಭಾವವನ್ನು ನಾನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಶನಿವಾರ ಭಾನುವಾರ ಜವಳಿ ಅಂಗಡಿಯಲ್ಲಿ ಕೆಲಸ ಮಾಡಿ ಓದುವ ಹುಡುಗ. "ಸಾರ್, ಚಂದಯ್ಯ ಮನೆ ಬಾಡಿಗೆ ಕಟ್ತಿದ್ನಾ?" ಎಂದ.

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ನಗೆಯೊಡನೆ ಮುಗಿಯಲಿಲ್ಲ. ಹುಲ್ಲು ಕೆರೆಯಂಚಿನದು, ನೆಲ ಯಾರೂ ಬಾಡಿಗೆ ಕೇಳದ ನೆಲ, ಗುಡಿಸಲು ತಾನೇ ಹೊದಿಸಿದ್ದು. ಅಂಥ ಲೋಕದಲ್ಲಿ 'ಹಗ್ಗಕ್ಕೆ ಸಲ್ಲುವ ಬೆಲೆ' ಎಂಬ ಮಾತಿಗೆ ಅರ್ಥವಿತ್ತು. ಅಷ್ಟರಲ್ಲಿ ಬದುಕೂ ನಡೆದು ದಾಸೋಹವೂ ನಡೆಯುತ್ತಿತ್ತು. ಚಂದಯ್ಯನಿಗೆ ಒಬ್ಬ ಮನೆ ಮಾಲೀಕನಿದ್ದು, ಕಲ್ಯಾಣದ ರಸ್ತೆ ಅಗಲವಾಯಿತೆಂದು ಅವನು ಪ್ರತಿ ವರ್ಷ ಬಾಡಿಗೆ ಏರಿಸಿದ್ದರೆ ಹಗ್ಗದ ನ್ಯಾಯವಾದ ಬೆಲೆ ಎಷ್ಟಾಗುತ್ತಿತ್ತು?

ಶತಮಾನಗಳಿಂದ ನಾವು ಈ ಕಥೆಯನ್ನು ಕೂಲಿಯವನಿಗೇ ಹೇಳುತ್ತ ಬಂದಿದ್ದೇವೆ: ನೋಡು, ಸಾವಿರ ಹೊನ್ನು ಬಂದರೂ ಅವನು ಮುಟ್ಟಲಿಲ್ಲ, ನೀನು ಐನೂರು ರೂಪಾಯಿಗೆ ಜಗಳವಾಡುತ್ತೀಯೆ. ಆದರೆ ಆ ಸಾವಿರ ಹೊನ್ನಿನ ಲಕ್ಷಣವೇನು? ಹೊಸೆಯದೆ ಬಂದದ್ದು. ಕೈಗೆ ಸೇರಿದ್ದಕ್ಕೂ ಕೈ ದುಡಿದದ್ದಕ್ಕೂ ಸಂಬಂಧವಿಲ್ಲದ್ದು. ನಮ್ಮ ಊರಿನಲ್ಲಿ ಅಂಥ ಹಣ ಯಾರ ಕೈಗೆ ಬರುತ್ತಿದೆ? ಹೊಟೇಲಿನಲ್ಲಿ ಲೋಟ ತೊಳೆಯುವವನ ಕೈಗಲ್ಲ. ಹೆದ್ದಾರಿಯ ಪಕ್ಕದಲ್ಲಿ ಸೈಟು ಕೊಂಡು ಸುಮ್ಮನೆ ಕೂತವನ ಕೈಗೆ. ಚಂದಯ್ಯನ ತಕ್ಕಡಿಯನ್ನು ಹಿಡಿಯುವುದೇ ಆದರೆ ಮೊದಲು ಬಾಡಿಗೆಯನ್ನು ತೂಗಬೇಕು. ಕೂಲಿಯ ಸರದಿ ಆಮೇಲಿನದು.

ಇದು ಹೊಸ ಮಾತೇನಲ್ಲ. ಮನೆಯ ಬಾಡಿಗೆಯಲ್ಲಿ ಕಟ್ಟಡದ ಪಾಲೊಂದು, ನೆಲದ ಪಾಲೊಂದು ಎಂದು ಆಡಂ ಸ್ಮಿತ್ 1776ರಲ್ಲೇ ಬೇರ್ಪಡಿಸಿದ್ದ. ತೆರಿಗೆ ಹಾಕಲು ಎರಡನೆಯದೇ ಹೆಚ್ಚು ತಕ್ಕದ್ದೆಂದೂ ಹೇಳಿದ್ದ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ಇದನ್ನೇ ದೊಡ್ಡದು ಮಾಡಿ, ಊರು ಬೆಳೆದಂತೆ ಏರುವ ನೆಲದ ಬೆಲೆ ಊರಿಗೇ ಸೇರಬೇಕೆಂದ. ಟಾಲ್‌ಸ್ಟಾಯ್ ಅವನ ಅಭಿಮಾನಿಯಾದ. ಇಷ್ಟಾದರೂ ಲೋಕ ಅತ್ತ ಹೆಚ್ಚು ಕಿವಿಗೊಟ್ಟಿಲ್ಲ. ಕಿವಿಗೊಡಬೇಕಾದವರಲ್ಲಿ ಬಹಳ ಮಂದಿ ಸೈಟಿನ ಒಡೆಯರಾಗಿರುವುದೇ ಇದಕ್ಕೆ ಕಾರಣವಿರಬಹುದು.

ಹೀಗೆಂದ ಮಾತ್ರಕ್ಕೆ ಬಾಡಿಗೆ ಪಡೆಯುವವರೆಲ್ಲ ಕುಬೇರರೆಂದು ತಿಳಿಯಬಾರದು. ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟರು ತೀರಿಕೊಂಡ ಮೇಲೆ ಅವರ ಹೆಂಡತಿ ಹಿಂದಿನ ಎರಡು ಕೋಣೆಗಳ ಬಾಡಿಗೆಯಲ್ಲಿ ರಕ್ತದೊತ್ತಡದ ಮಾತ್ರೆ ಕೊಳ್ಳುತ್ತಾರೆ. ಆಕೆಯ ಎದುರು ಹೆನ್ರಿ ಜಾರ್ಜನನ್ನು ಓದಲು ನನಗೆ ಧೈರ್ಯ ಸಾಲದು. ಆದರೆ ಆಕೆಯ ಕಷ್ಟಕ್ಕೆ ಕಾರಣ ಬಾಡಿಗೆ ಸಾಲದಿರುವುದಲ್ಲ, ಮುಪ್ಪಿನಲ್ಲಿ ಬೇರೆ ಆಸರೆ ಇಲ್ಲದಿರುವುದು. ಒಬ್ಬರ ಮುಪ್ಪಿನ ಭಾರವನ್ನು ಅವರ ಹಿತ್ತಲಿನಲ್ಲಿ ಬಾಡಿಗೆಗಿರುವ ಇನ್ನೊಬ್ಬ ಬಡವನ ಮೇಲೆ ಹೊರಿಸಿ ನಾವೆಲ್ಲ ಹಗುರಾಗಿದ್ದೇವೆ.

ಹಾಗಾದರೆ ದುಡಿಸಿಕೊಳ್ಳುವವನೇ ಮನೆಯನ್ನೂ ಕೊಡಲಿ ಎನ್ನುವವರಿದ್ದಾರೆ. ಭದ್ರಾವತಿಯಲ್ಲಿ ಕೊಟ್ಟರು, ಕೋಲಾರದ ಚಿನ್ನದ ಗಣಿಯಲ್ಲಿ ಸಾಲು ಸಾಲು 'ಲೈನು'ಗಳನ್ನೇ ಕಟ್ಟಿದರು. ಬಾಡಿಗೆಯ ಕಾಟವಿಲ್ಲದೆ ಎಷ್ಟೋ ಸಂಸಾರ ಬದುಕಿದ್ದು ನಿಜ. ಆದರೆ ಕೆಲಸವನ್ನೂ ಸೂರನ್ನೂ ಒಂದೇ ಕೈ ಕೊಟ್ಟಾಗ, ಒಂದೇ ಕೈ ಎರಡನ್ನೂ ಕಿತ್ತುಕೊಳ್ಳಬಹುದು. 2001ರಲ್ಲಿ ಗಣಿ ಮುಚ್ಚಿದಾಗ ಅಲ್ಲಿಯವರಿಗೆ ನಾಳೆ ಏನು ದುಡಿಯುವುದೆಂಬ ಚಿಂತೆಯ ಜೊತೆಗೆ ಈ ಮನೆ ಯಾರದೆಂಬ ಚಿಂತೆಯೂ ಹತ್ತಿತು. ಯಜಮಾನನೊಡನೆ ಜಗಳವಾಡಿ ಬಂದು ರಾತ್ರಿ ನಿಶ್ಚಿಂತೆಯಾಗಿ ಮಲಗಲು ಮನುಷ್ಯನಿಗೆ ಬೇರೊಂದು ಸೂರು ಬೇಕು. ಅದಕ್ಕೇ ಕೂಲಿ ನಗದಾಗಿರುವುದು ಮೇಲು, ಅದರಲ್ಲಿ ಬಾಡಿಗೆಯ ಪಾಲು ನಿಜವಾದ ಪಾಲಾಗಿರುವುದು ಮೇಲು ಎಂದು ನನಗೆ ತೋರುತ್ತದೆ. 1907ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಧೀಶ ಹಿಗ್ಗಿನ್ಸ್ ದಿನಕ್ಕೆ ಏಳು ಷಿಲಿಂಗು ಕೂಲಿಯೆಂದು ತೀರ್ಪಿತ್ತಾಗ ಕಾರ್ಮಿಕರ ಹೆಂಡಂದಿರ ಸಾಕ್ಷ್ಯವನ್ನೂ ಕೇಳಿದ್ದನಂತೆ. ನಮ್ಮ ಸಮಿತಿಗಳೂ ಒಮ್ಮೆ ಹೊಳಲ್ಕೆರೆಯ ಬಾಡಿಗೆ ಮನೆಯ ಹೆಂಗಸೊಬ್ಬಳನ್ನು ಕರೆದು ಕೂರಿಸಿ ಕೇಳಿದರೆ, ಹತ್ತನೆಯ ಒಂದು ಪಾಲಿನ ಕಥೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ಕೂಲಿ ಏರಿದರೆ ಬಾಡಿಗೆ ನುಂಗುತ್ತದೆಂಬ ಹೊಟೇಲಿನವರ ವಾದಕ್ಕೆ ಈಗ ಹಿಂದಿರುಗಬಹುದು. ನುಂಗುವುದು ಎಲ್ಲಿ? ಮನೆ ಕಡಿಮೆಯಿದ್ದು, ಬೇರೆ ಕಡೆ ಹೋಗಲು ದಾರಿಯಿಲ್ಲದಿದ್ದಲ್ಲಿ. ದಾರಿಯಿದ್ದರೆ ನುಂಗಲಾರದು. ಇದಕ್ಕೊಂದು ನಿದರ್ಶನ ನಮ್ಮ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ಅದನ್ನು ಪರಿಹಾಸ ಮಾಡಿದವರು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ಭರಮಸಾಗರದ ಕಡೆಯ ಹಳ್ಳಿಯಿಂದ ದುರ್ಗದ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗಿಗೆ ಅದು ಏನು ಮಾಡಿತು? ಬಸ್ಸಿನ ಚಾರ್ಜು ಉಳಿದದ್ದು ಸರಿಯೆ. ಅದಕ್ಕಿಂತ ಮುಖ್ಯವಾಗಿ, ಪೇಟೆಯಲ್ಲಿ ಕೋಣೆ ಹಿಡಿಯಲೇಬೇಕೆಂಬ ಬಲವಂತ ತಪ್ಪಿತು. ತನ್ನ ಹಳ್ಳಿಯ ಮನೆಯಲ್ಲೇ ಇದ್ದು ಪೇಟೆಯ ಕೂಲಿ ತರಬಲ್ಲಳು. ಅವಳ ಕೂಲಿ ಏರಿದ ಹಾಗೂ ಆಯಿತು, ಪೇಟೆಯ ಮಾಲೀಕನ ಕೈಗೆ ಅದು ಸಿಕ್ಕಲೂ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದೇ ಓಡಾಟವಾದ್ದರಿಂದ ಈ ಅನುಕೂಲ ಎಲ್ಲ ಹಳ್ಳಿಗೂ ಸಮನಾಗಿ ಮುಟ್ಟಿಲ್ಲ. ಆದರೂ ಕೂಲಿ ಇಲಾಖೆ ಮಾಡಲಾರದ್ದನ್ನು ಸಾರಿಗೆ ಇಲಾಖೆ ಒಂದಿಷ್ಟು ಮಾಡಿತು.

ಬಾಡಿಗೆಗೆ ಕಾಯಿದೆಯ ಅಂಕುಶವೇ ಇಲ್ಲವೆ ಎಂದರೆ, ಇದೆ. 1951ರಲ್ಲಿ ಒಂದು, 1961ರಲ್ಲಿ ಒಂದು, 1999ರಲ್ಲಿ ಒಂದು ಬಂತು. ಕೊನೆಯದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಊರುಗಳಲ್ಲಿ 2,000 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಎರಡು ಸಾವಿರದೊಳಗಿನ ಮನೆ ಎಲ್ಲಿದೆಯೆಂದು ನನ್ನನ್ನು ಕೇಳಬೇಡಿ. ಇನ್ನು ನಮ್ಮ ಹಟ್ಟಿ ತಾಂಡಾಗಳ ಕಡೆ ನೋಡಿದರೆ, 2017ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವನನ್ನೇ ಆ ಮನೆಯ ಒಡೆಯನನ್ನಾಗಿ ಮಾಡಿತು. ಎಪ್ಪತ್ತರ ದಶಕದಲ್ಲಿ ಉಳುವವನನ್ನು ಹೊಲದ ಒಡೆಯನನ್ನಾಗಿ ಮಾಡಿದ ನ್ಯಾಯದ ಮುಂದುವರಿಕೆ ಇದು. ಗೊಲ್ಲರಹಟ್ಟಿಯ ಗುಡಿಸಲಿಗೆ ಒಪ್ಪುವ ನ್ಯಾಯ ಪೇಟೆಯ ಬಾಡಿಗೆ ಮನೆಗೆ ಹಾಗೆಯೇ ಒಪ್ಪದೆಂಬುದು ನನಗೂ ಗೊತ್ತು. ಆದರೆ ಎರಡು ಸಲ ನಮ್ಮ ನಾಡು ನೆಲವನ್ನು ಕುರಿತು 'ಇದರಲ್ಲಿ ಎಷ್ಟು ನಿನ್ನದು?' ಎಂದು ಒಡೆಯನನ್ನು ಕೇಳಿದೆ. ಮೂರನೆಯ ಸಲ ಕೇಳಿದರೆ ಆಕಾಶ ಬೀಳಲಾರದು. ಇತ್ತ ಕೂಲಿಯ ಪರಿಷ್ಕರಣೆಗೆ ಕಾಯಿದೆ ಐದು ವರ್ಷದವರೆಗೂ ಅವಕಾಶ ಕೊಡುತ್ತದೆ. ಬಾಡಿಗೆಯ ಕರಾರು ಹನ್ನೊಂದು ತಿಂಗಳಿಗೇ ಮುಗಿಯುತ್ತದೆ. ಇವೆರಡರ ಓಟದಲ್ಲಿ ಗೆಲ್ಲುವವರಾರೆಂದು ಪಂಚಾಂಗ ನೋಡಿ ಹೇಳಬೇಕಾಗಿಲ್ಲ.

ಆ ಪ್ರಶ್ನೆ ಕೇಳುವವರು ನಮ್ಮ ಮನೆಯಿಂದಲೇ ಆರಂಭಿಸಬಹುದು. ದುರ್ಗದಲ್ಲಿ ನನ್ನದೂ ಒಂದು ಮನೆಯಿದೆ. 2009ರಲ್ಲಿ ಸೈಟು ಕೊಂಡು, ಬ್ಯಾಂಕಿನ ಸಾಲದಲ್ಲಿ ಕಟ್ಟಿದ್ದು. ಮೇಲಿನ ಅಂತಸ್ತಿನಲ್ಲಿ ಒಂದು ಸಂಸಾರ ಬಾಡಿಗೆಗಿದೆ. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ, ಹೆಂಡತಿ ಜವಳಿ ಅಂಗಡಿಯಲ್ಲಿ ಸೀರೆ ಮಡಿಸುತ್ತಾಳೆ. ಬಾಡಿಗೆ 6,500. ಈ ತಿಂಗಳು ಕರಾರು ಮುಗಿಯುತ್ತದೆ. ಬೀದಿಯಲ್ಲಿ ಅಂಥ ಮನೆಗೆ ಎಂಟು ಸಾವಿರ ಕೇಳುತ್ತಿದ್ದಾರೆ, ಸಿಕ್ಕುತ್ತಲೂ ಇದೆ. ಒಂದು ರಾತ್ರಿ ಕಾಗದ ತೆಗೆದುಕೊಂಡು ನಡುವೆ ಗೆರೆ ಎಳೆದೆ. ಎಡಗಡೆ ಹೊಸೆದದ್ದು: ಆ ಅಂತಸ್ತಿನ ಸಾಲದ ಬಡ್ಡಿ, ಸುಣ್ಣಬಣ್ಣ, ಮೋಟಾರಿನ ರಿಪೇರಿ, ಕಂದಾಯ, ಕಟ್ಟಡ ಹಳತಾಗುವುದರ ಬಾಬ್ತು. ಎಷ್ಟು ಧಾರಾಳವಾಗಿ ಬರೆದುಕೊಂಡರೂ ಅದು 6,000 ದಾಟಲಿಲ್ಲ. ಬಲಗಡೆ ಹೊಸೆಯದೆ ಬಂದದ್ದು: ಅಗಲವಾದ ರಸ್ತೆ, ಹೊಸ ಕಾಲೇಜು, ಬೀದಿಯವರ ದರ. ಕೇಳಬಹುದಾದ ಎಂಟು ಸಾವಿರದಲ್ಲಿ ಎರಡು ಸಾವಿರ ಆ ಕಡೆಯದು.

ಕಾಗದವನ್ನು ನನ್ನ ಹೆಂಡತಿಗೆ ತೋರಿಸಿದೆ. ಅವಳು ಎರಡೂ ಕಡೆ ಓದಿ, "ನಮ್ಮ ಮಗನ ಹಾಸ್ಟೆಲ್ ಫೀಸು ಈ ಸಲ ಎಂಟು ಸಾವಿರ ಜಾಸ್ತಿಯಾಯ್ತಲ್ರೀ, ಅದನ್ನ ಯಾವ ಕಡೆ ಬರೀಬೇಕು?" ಎಂದಳು. ಅದು ನಮ್ಮ ಸಂಬಳ ತೆರಬೇಕಾದ್ದು, ಮೇಲಿನ ಮನೆಯವರ ಸಂಬಳ ತೆರಬೇಕಾದ್ದಲ್ಲ ಎಂದೆ. ಅವಳು ಒಪ್ಪಲಿಲ್ಲ. ಹಾಸ್ಟೆಲ್ಲೂ ಒಂದು ಬಾಡಿಗೆ ಮನೆಯೇ ಅಲ್ಲವೆ, ಅವರು ನಮ್ಮನ್ನು ಕೇಳಿ ಏರಿಸಿದರೆ ಎಂದಳು. ಕರಾರಿಗೆ ಇನ್ನೂ ಮೂರು ವಾರವಿದೆ. ಕಾಗದ ಮೇಜಿನ ಮೇಲೆ ಹಾಗೆಯೇ ಇದೆ.